ಅಶೋಕನ ಪ್ರತ್ಯಂತನೀತಿಯೂ ಲೋಕಹಿತವೂ

ಪರರಾಜರೊಡನೆ ವ್ಯವಹರಿಸುವ ಬಗೆಯನ್ನು ನಮ್ಮ ನೀತಿಶಾಸ್ತ್ರಕಾರರು ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂದು ಆರಾಗಿ ವಿಭಾಗಿಸಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ನೆರೆರಾಜ್ಯದ ಪ್ರಜೆಗಳ ರೋಗಕ್ಕೆ ಔಷಧವನ್ನೊದಗಿಸುವ ಕಾರ್ಯಕ್ಕೆ ಈ ಷಾಡ್ಗುಣ್ಯದಲ್ಲಿ ಪ್ರತ್ಯೇಕಸ್ಥಾನವಿಲ್ಲ. ಆದರೆ ಕ್ರಿ. ಪೂ. 3ನೆಯ ಶತಮಾನದ ಅಶೋಕನ ಶಾಸನಗಳಲ್ಲಿ ಪರರಾಷ್ಟ್ರವ್ಯವಹಾರವೂ ಲೋಕಹಿತವೂ ಒಂದಾಗಿ ಬಂದಿವೆ. ಇದು ಬರಿಯ ಆತ್ಮಪ್ರಶಂಸೆಯೋ, ನಿಜವಾದ ರಾಜನೀತಿಯೋ ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಎರಡನೆಯ ಶಿಲಾಶಾಸನವು ರಾಜನ ಸ್ವಂತ ದೇಶವನ್ನು ಹೇಳಿದೊಡನೆಯೇ ಚೋಡ, ಪಾಂಡ್ಯ, ಸತಿಯಪುತ್ರ, ಕೇತಲಪುತ್ರ, ತಾಮ್ರಪರ್ಣಿಗಳನ್ನೂ, ಯೋನರಾಜ ಅಂತಿಯೋಕನನ್ನೂ ಅವನ ನೆರೆಯ ಅರಸರನ್ನೂ ಹೆಸರಿಸುತ್ತದೆ. ಈ ಎಲ್ಲೆಡೆಗಳಲ್ಲಿಯೂ ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡನ್ನು ಏರ್ಪಡಿಸಲಾಯಿತೆಂದೂ, ಔಷಧಿಗಳಿಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಲಾಯಿತೆಂದೂ, ದಾರಿಗಳಲ್ಲಿ ಬಾವಿಗಳನ್ನು ತೋಡಿಸಲಾಯಿತೆಂದೂ ಅದರ ತಾತ್ಪರ್ಯ. ಗಿರ್ನಾರದ ಪಾಠದಲ್ಲಿ ‘ಹಾರಾಪಿತ’, ‘ರೋಪಾಪಿತ’, ‘ಖಾನಾಪಿತ’ ಎಂಬ ಣಿಜಂತರೂಪಗಳಿವೆ. ರಾಜನು ಇಲ್ಲಿ ಪ್ರೇರಕನು, ಮಾಡಿದವರು ಬೇರೆಯವರು. ಪರದೇಶದಲ್ಲಿ ಇಂತಹ ಕಾರ್ಯ ನಡೆಯಬೇಕಾದರೆ ಅಲ್ಲಿಯ ಅರಸನ ಅನುಮತಿ ಅವಶ್ಯ. ಹದಿಮೂರನೆಯ ಶಾಸನದಲ್ಲಿ ದೂತರ ಉಲ್ಲೇಖವಿರುವುದರಿಂದ ಈ ಅನುಮತಿಯು ಅವರ ಮೂಲಕ ದೊರೆತಿರಬೇಕೆಂದು ಊಹಿಸಬಹುದು.

ಅದೇ ಹದಿಮೂರನೆಯ ಶಾಸನವು ಅಂತಿಯೋಕ, ತುರಮಾಯ, ಅಂತೇಕಿನ, ಮಕ, ಅಲಿಕಸುದರರೆಂಬ ಐವರು ಯೋನರಾಜರನ್ನು ಹೇಳುತ್ತದೆ. ಯೋನರೊಡನೆ ಮೌರ್ಯರ ಸಂಬಂಧವು ಹೊಸತಲ್ಲ. ಅಶೋಕನ ಪಿತಾಮಹನಾದ ಚಂದ್ರಗುಪ್ತನು ಸೆಲ್ಯೂಕಸನೊಡನೆ ಸಂಧಿಮಾಡಿಕೊಂಡಾಗ ಅವನಿಗೆ 500 ಆನೆಗಳನ್ನು ಕೊಟ್ಟನೆಂದು ಸ್ಟ್ರಾಬೋ ಬರೆದಿದ್ದಾನೆ. ಅಂದು ಯುದ್ಧಸಾಧನವು ಹೋದ ದಿಕ್ಕಿನಲ್ಲಿಯೇ ಮೂರನೆಯ ತಲೆಮಾರಿನಲ್ಲಿ ಗಿಡಮೂಲಿಕೆ ಹೋಯಿತೆಂದು ಶಾಸನವು ಹೇಳುತ್ತದೆ. ಆದರೆ ಉಪಲಬ್ಧವಾದ ಗ್ರೀಕ್ ಗ್ರಂಥಗಳಲ್ಲಿ ಈ ಚಿಕಿತ್ಸೆಯ ಮಾತಿಲ್ಲ. ಆದುದರಿಂದ ಕೇವಲ ಈ ಶಾಸನವೊಂದನ್ನೇ ನಂಬಿ ನಿರ್ಣಯಿಸುವುದು ಯುಕ್ತವಲ್ಲ.

ನಿರ್ಣಯಕ್ಕೆ ಸಹಾಯಕವಾದ ಪ್ರಮಾಣವು ಬೇರೊಂದೆಡೆಯಲ್ಲಿದೆ. ಕಳಿಂಗದೇಶದ ಧೌಲಿ, ಜೌಗಡಗಳಲ್ಲಿ ಹದಿಮೂರನೆಯ ಶಾಸನವನ್ನು ಕೊರೆಯಿಸದೆ ಬಿಟ್ಟು, ಎರಡು ಪ್ರತ್ಯೇಕಶಾಸನಗಳನ್ನು ಬರೆಯಿಸಲಾಗಿದೆ. ಇವೆರಡೂ ಕರ್ಣಾಟಕದಲ್ಲಿ ಭೀಮಾತೀರದ ಸನ್ನತಿಯಲ್ಲಿಯೂ ದೊರೆತಿವೆ. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಶಿಲಾಫಲಕದಲ್ಲಿ, 12 ಮತ್ತು 14ನೆಯ ಶಾಸನಗಳೊಡನೆ, ಇವು 20ನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದವು. ಇವುಗಳಲ್ಲಿ ಎರಡನೆಯದು ಗೆಲ್ಲದೆ ಉಳಿದ ಗಡಿನಾಡಿಗರ ವಿಷಯವಾದುದು. ರಾಜನು ತಮ್ಮನ್ನೇನು ಮಾಡಿಯಾನೆಂಬ ಸಂಶಯ ಅವರಿಗುಂಟು. ಅವರು ಹೆದರಬಾರದು, ತನ್ನಿಂದ ಅವರಿಗೆ ದುಃಖವಲ್ಲ, ಸುಖವೇ ಆಗಬೇಕು, ರಾಜನು ತಂದೆಯಂತೆಂದು ಅವರು ನಂಬುವಂತಾಗಬೇಕು ಎಂದು ಅಶೋಕನು ಆಜ್ಞಾಪಿಸುತ್ತಾನೆ.

ಈ ಮಾತನ್ನು ಯಾರಿಗೆ ಹೇಳಿದೆ ಎಂಬುದನ್ನು ಗಮನಿಸತಕ್ಕದ್ದು. ಪ್ರಶಸ್ತಿಯು ಲೋಕಕ್ಕೆ ಕೇಳಿಸಲೆಂದು ಬರೆದುದು. ಇದಾದರೋ ತನ್ನ ಅಧಿಕಾರಿಗಳಾದ ಮಹಾಮಾತ್ರರಿಗೆ ವಿಧಿಸಿದ ಕರ್ತವ್ಯ. ಚಾತುರ್ಮಾಸ್ಯಗಳಲ್ಲಿ ತಿಷ್ಯನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕೆಂಬ ನಿಯಮವೂ ಅದರಲ್ಲಿಯೇ ಇದೆ. ಹೊರಗಿನವರನ್ನು ಮೆಚ್ಚಿಸುವುದೊಂದೇ ಉದ್ದೇಶವಾಗಿದ್ದರೆ ಒಳಗಿನವರಿಗೆ ಇಷ್ಟು ನಿರ್ಬಂಧ ಬೇಕಾಗಿರಲಿಲ್ಲ.

ಹಾಗೆಂದು ಅಶೋಕನು ದಂಡವನ್ನು ತ್ಯಜಿಸಿದನೆನ್ನಲಾಗದು. ಸಹಿಸಲು ಶಕ್ಯವಾದುದನ್ನು ಮಾತ್ರ ಸಹಿಸುವೆನೆಂದು ಗಡಿನಾಡಿಗರಿಗೆ ತಿಳಿಸಿದ್ದಾನೆ. ಪಶ್ಚಾತ್ತಾಪಪಟ್ಟರೂ ತನಗೆ ಶಕ್ತಿಯುಂಟೆಂದು ಅಟವಿವಾಸಿಗಳನ್ನು ಹದಿಮೂರನೆಯ ಶಾಸನದಲ್ಲಿ ಎಚ್ಚರಿಸಿದ್ದಾನೆ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದುದಾಯಿತೆಂದೂ ತಾನೇ ಒಪ್ಪಿಕೊಂಡ ಅರಸನ ಅಭಯವಚನವನ್ನು ನೆರೆಯವರು ಸುಲಭವಾಗಿ ನಂಬುವರೆ? ಬಾವಿ, ಮರ, ಔಷಧಿಗಳು ಆ ಅಪನಂಬಿಕೆಗೆ ಉತ್ತರವಾಗಿದ್ದವೆಂದೇ ನನ್ನ ಅಭಿಪ್ರಾಯ. ಲೋಕಹಿತವು ಇಲ್ಲಿ ಪರರಾಷ್ಟ್ರನೀತಿಗೆ ತೊಡಿಸಿದ ಅಲಂಕಾರವಲ್ಲ. ಭೀತರಾದ ನೆರೆಯವರಲ್ಲಿ ವಿಶ್ವಾಸವನ್ನು ಹುಟ್ಟಿಸಲು ಆ ಅರಸನಿಗೆ ಉಳಿದಿದ್ದ ಸಾಧನ. ಎರಡನೆಯ ಶಾಸನವನ್ನು ಬೋಧಿಸುವಾಗ ಪ್ರತ್ಯೇಕಶಾಸನವನ್ನೂ ಜೊತೆಗೆ ಓದಿಸಿದರೆ ಈ ಅರ್ಥವು ವಿದ್ಯಾರ್ಥಿಗಳಿಗೆ ವಿಶದವಾಗುವುದು.