ನೋವಾದ ಮೊದಲ ಗಂಟೆಗಳು

1901ರ ಫೆಬ್ರವರಿ 22ರ ನಸುಕಿನಲ್ಲಿ ಎಡಿನ್‌ಬರೊದ ಹವ್ಯಾಸಿ ವೀಕ್ಷಕ ಥಾಮಸ್ ಆಂಡರ್ಸನ್ ಪರ್ಸಿಯಸ್ ಪುಂಜದಲ್ಲಿ ಅಪರಿಚಿತ ತಾರೆಯೊಂದನ್ನು ಕಂಡರು. ಅದರ ಉಜ್ಜ್ವಲತಾಂಕ 2.7. ಅದಕ್ಕೆ 28 ಗಂಟೆಗಳ ಹಿಂದೆ ಸ್ಟ್ಯಾನ್ಲಿ ವಿಲಿಯಮ್ಸ್ ಅದೇ ಭಾಗದ ಛಾಯಾಚಿತ್ರ ತೆಗೆದಿದ್ದರು. ಅದರಲ್ಲಿ 12ನೇ ಉಜ್ಜ್ವಲತಾಂಕದವರೆಗೂ ಈ ತಾರೆಯ ಸುಳಿವಿರಲಿಲ್ಲ. ಐದು ಅಂಕಗಳ ಅಂತರವೆಂದರೆ ಕಾಂತಿಯಲ್ಲಿ 100 ಪಟ್ಟು ವ್ಯತ್ಯಾಸ. ಹಾಗಾದರೆ ಒಂದು ದಿನದ ಆಸುಪಾಸಿನಲ್ಲಿ ಅದು 5000 ಪಟ್ಟಿಗೂ ಹೆಚ್ಚು ಬೆಳಗಿತ್ತು! ಆದರೆ ಆ ನಡುವಣ ಗಂಟೆಗಳನ್ನು ನೋಡಿದವರಿಲ್ಲ.

'ನೋವಾ' ಎಂದರೆ ಲ್ಯಾಟಿನ್‌ನಲ್ಲಿ 'ಹೊಸದು'. ವಾಸ್ತವದಲ್ಲಿ ಅದು ಹಳೆಯ ನಕ್ಷತ್ರವೇ. 1934ರಲ್ಲಿ ಸಿಡಿದ ಡಿಕ್ಯೂ ಹರ್ಕ್ಯುಲಿಸ್ ಒಂದು ಯಮಳ ತಾರೆ ಎಂದು 1954ರಲ್ಲಿ ಮರ್ಲ್ ವಾಕರ್ ಕಂಡುಕೊಂಡರು. ಇಂಥ ಜೋಡಿಯಲ್ಲಿ ಒಂದು ಶ್ವೇತಕುಬ್ಜ. ಸಂಗಾತಿಯಿಂದ ಹರಿದುಬಂದ ಹೈಡ್ರೊಜನ್ ಅದರ ಮೇಲೆ ಪದರವಾಗಿ ಶೇಖರವಾಗುತ್ತದೆ. ಪದರದ ತಳದಲ್ಲಿ ಒತ್ತಡ, ತಾಪ ಏರಿ ಬೈಜಿಕ ಸಂಲಯನ ಹತೋಟಿ ಮೀರುತ್ತದೆ. ಪದರ ಸಿಡಿದು ಹೊರಚಿಮ್ಮುತ್ತದೆ.

ಈ ಬೆಂಕಿಚೆಂಡು ಹಿಗ್ಗುವುದನ್ನು ಅಳೆಯುವ ಅವಕಾಶ 2013ರ ಆಗಸ್ಟ್ 14ರಂದು ಒದಗಿತು. ಜಪಾನಿನ ಕೊಇಚಿ ಇಟಗಾಕಿ ಡೆಲ್ಫೈನಸ್ ಪುಂಜದಲ್ಲಿ ನೋವಾ ಗುರುತಿಸಿದ 15 ಗಂಟೆಗಳೊಳಗೆ ಕ್ಯಾಲಿಫೋರ್ನಿಯದ ಚಾರಾ ದೂರದರ್ಶಕ ಸಮೂಹ ಅತ್ತ ತಿರುಗಿತು. ಆಗಲೇ ಅದರ ಗಾತ್ರ ಭೂಕಕ್ಷೆಯಷ್ಟಿತ್ತು. 43ನೆಯ ದಿನಕ್ಕೆ ಸುಮಾರು 20 ಪಟ್ಟು ಹಿಗ್ಗಿತ್ತು.

ಆದರೂ ಮೊತ್ತಮೊದಲ ಕ್ಷಣ ಕೈಗೆ ಸಿಕ್ಕಿರಲಿಲ್ಲ. ದೃಗ್ಗೋಚರ ಬೆಳಕಿಗಿಂತ ಮೊದಲು, ಚೆಂಡು ಇನ್ನೂ ಚಿಕ್ಕದಾಗಿ ಅತ್ಯಂತ ಬಿಸಿಯಾಗಿರುವಾಗ, ಎಕ್ಸ್‌ಕಿರಣಗಳ ಮಿಂಚೊಂದು ಹೊಮ್ಮಬೇಕೆಂದು 1990ರಲ್ಲಿ ಸಮ್ನರ್ ಸ್ಟಾರ್‌ಫೀಲ್ಡ್ ಮತ್ತು ಸಂಗಡಿಗರು ಹೇಳಿದ್ದರು. ಕೆಲವೇ ಗಂಟೆಗಳ ಈ ಮಿಂಚನ್ನು ಹಿಡಿಯುವುದೆಂತು? ನೋವಾ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಆರಿಹೋಗಿರುತ್ತದೆ!

ಉತ್ತರ ದೊರೆತದ್ದು 2020ರ ಜುಲೈ 7ರಂದು. ಇಡೀ ಆಕಾಶವನ್ನು ಸರದಿಯಂತೆ ಗುಡಿಸುತ್ತಿದ್ದ ಇ-ರೊಸಿಟ ಎಕ್ಸ್‌ಕಿರಣ ದೂರದರ್ಶಕ ರೆಟಿಕ್ಯುಲಮ್ ಪುಂಜದಲ್ಲಿ ಪ್ರಖರ ಮಿಂಚೊಂದನ್ನು ದಾಖಲಿಸಿತು. ನಾಲ್ಕು ಗಂಟೆಗಳ ಹಿಂದಿನ ಸರದಿಯಲ್ಲಿ ಅಲ್ಲಿ ಏನೂ ಇರಲಿಲ್ಲ. ನಾಲ್ಕು ಗಂಟೆಗಳ ನಂತರವೂ ಇಲ್ಲ. ತಾಪ ಸುಮಾರು 3,27,000 ಕೆಲ್ವಿನ್. ಬರಿಗಣ್ಣಿಗೂ ಕಾಣುವಷ್ಟು ಬೆಳಗಿದ ಈ ನೋವಾವನ್ನು ರಾಬರ್ಟ್ ಮೆಕ್‌ನಾಟ್ ವರದಿ ಮಾಡಿದ್ದು ಜುಲೈ 15ರಂದು, ಅಂದರೆ ಮಿಂಚಿ ಎಂಟು ದಿನಗಳಾದ ಮೇಲೆ. ಮಿಂಚಿನ ವಿಶ್ಲೇಷಣೆ 2022ರಲ್ಲಿ ಪ್ರಕಟವಾಯಿತು.

ಮೂವತ್ತು ವರ್ಷ ಕಾದ ಊಹೆಗೆ ಹೀಗೆ ಪುರಾವೆ ಸಿಕ್ಕಿತು. ಸುದ್ದಿ ತಿಳಿದ ಮೇಲೆ ದೂರದರ್ಶಕ ತಿರುಗಿಸಿದ್ದರೆ ಅದು ಸಿಗುತ್ತಿರಲಿಲ್ಲ. ಯಾವ ಸುದ್ದಿಗೂ ಕಾಯದೆ ಆಕಾಶ ನೋಡುತ್ತಿದ್ದುದರಿಂದಲೇ ಸಿಕ್ಕಿತು.