ತಿದಿಯಿಂದ ಗ್ಯಾಸ್ ಟಾರ್ಚ್‌ವರೆಗೆ

ನಮ್ಮ ಶಿರಂಗಾಲದಲ್ಲಿ ಮೊದಲು ಹಬ್ಬಕ್ಕೆ ಕುರಿ ಕೊಯ್ದರೆ ತಲೆ-ಕಾಲು ಸುಡಿಸೋಕೆ ಕುಲುಮೆಗೆ ಹೋಗ್ತಿದ್ವಿ. ತಿದಿ ಒತ್ತಿ ಉರಿ ನೋಡ್ಕೊಳ್ಳೋದು ಕುಲುಮೆಯವರ ಕೆಲಸ.

ಆಮೇಲೆ ಸೀಮೆಎಣ್ಣೆ ಬ್ಲೋಲ್ಯಾಂಪ್ ಬಂತು. ಸ್ವೀಡನ್ನಿನ ಕಾರ್ಲ್ ರಿಚರ್ಡ್ ನೈಬರ್ಗ್ 1882ರಲ್ಲೇ ಇಂಥ ಲ್ಯಾಂಪ್ ಮಾಡೋಕೆ ಶುರು ಮಾಡಿದ್ದರು. ಇದರ ಬಟ್ಟಲಲ್ಲಿ ಎಣ್ಣೆ ಉರಿಸಿ ಮೊದಲು ಕೊಳವೆ ಕಾಯಿಸಬೇಕು. ಆಗಲೇ ಒಳಗಿನ ಎಣ್ಣೆ ಆವಿಯಾಗಿ ನೀಲಿ ಉರಿ ಬರೋದು. ಆ ಕಾಯೋ ಹೊತ್ತಲ್ಲೇ ನಾವೂ ಹುಷಾರಾಗ್ತಿದ್ವಿ.

ಈಗಿನ ಕೈ ಟಾರ್ಚ್ ಒತ್ತಿದ ತಕ್ಷಣ ಉರಿಯುತ್ತೆ. ಡಬ್ಬಿಯೊಳಗೆ ಬ್ಯೂಟೇನ್, ಪ್ರೊಪೇನ್ ಒತ್ತಡದಲ್ಲಿ ದ್ರವವಾಗಿರುತ್ತೆ. ತಲೆಕೆಳಗು ಮಾಡಿದರೆ ದ್ರವವೇ ನುಗ್ಗಿ ಉರಿ ಭುಗ್ಗೆನ್ನುತ್ತೆ. ಹೋದ ಸಲ ಹಂಗೇ ಬಗ್ಗಿಸಿ ನಾನು ಹುಬ್ಬು ಸುಟ್ಕೊಂಡೆ.

ನೆಲದ ಕಡೆ ಬಗ್ಗಿಸಿ ಸುಡೋರು ಡಬ್ಬಿ ಟಾರ್ಚ್ ಬಿಡಿ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಉದ್ದ ಪೈಪಿನಲ್ಲಿ ಹಿಡಿಯೋ ಟಾರ್ಚ್ ತಗೊಳ್ಳಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತೆ. ಕೊಟ್ಟಿಗೆಯೊಳಗೆ ಬೇಡ, ಬಯಲಲ್ಲೇ ಹಚ್ಚಿ. ಹಚ್ಚೋ ಮುಂಚೆ ಜಾಯಿಂಟಿಗೆ ಸೋಪುನೀರು ಹಾಕಿ ನೋಡಿ. ಗುಳ್ಳೆ ಎದ್ದರೆ ಅವತ್ತು ಕೆಂಡದಲ್ಲೇ ಸುಡಿ.