ಮೇಣದ ತುಂಡಿನೊಳಗಿನ ಸುಳಿವು

ಹುನಗುಂದ, ಇಳಕಲ್ಲ, ಬಾದಾಮಿ ಕಡೆ ಕ್ಯಾನ್ಸರ್ ಎಂದರೆ ದೂರದ ಪ್ರಯಾಣ: ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಕಿದ್ವಾಯಿ ಶುರುವಾದಾಗ ಗಡ್ಡೆ ಎಲ್ಲಿದೆ, ಎಷ್ಟು ಹಬ್ಬಿದೆ ಎಂಬುದನ್ನು ನೋಡಿಯೇ ಹೆಚ್ಚಾಗಿ ಚಿಕಿತ್ಸೆ ನಿರ್ಧಾರವಾಗುತ್ತಿತ್ತು. ಯಾರಿಗೆ ಯಾವ ಔಷಧಿ ನಾಟೀತು ಎಂದು ಮೊದಲೇ ಹೇಳುವ ದಾರಿಗಳು ಕಡಿಮೆ.

ಪ್ರಶ್ನೆ ಮಾತ್ರ ಹಳೆಯದು. 1896ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದಾಗ ಸ್ತನದ ಗಡ್ಡೆ ಕರಗಿದ್ದನ್ನು ವರದಿ ಮಾಡಿದ. ಮುಂದೆ ಬೇರೆ ವೈದ್ಯರೂ ಮಾಡಿ ನೋಡಿದರು. ಸುಮಾರು ಮೂವರಲ್ಲಿ ಒಬ್ಬರಿಗಷ್ಟೇ ಗುಣ ಕಂಡಿತು. ಉಳಿದವರಿಗೇಕೆ ಇಲ್ಲ? ಅಂಡಾಶಯದ ಹಾರ್ಮೋನಾದ ಈಸ್ಟ್ರೊಜೆನನ್ನು ಹಿಡಿಯುವ ಗ್ರಾಹಕವನ್ನು ಎಲ್‌ವುಡ್ ಜೆನ್ಸನ್ ಕಂಡುಹಿಡಿಯುವವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ, ಉತ್ತರ ಸಿಗಲಿಲ್ಲ. ಎಷ್ಟು ಹೆಣ್ಣುಮಕ್ಕಳು ವ್ಯರ್ಥವಾಗಿ ಶಸ್ತ್ರಚಿಕಿತ್ಸೆಯ ನೋವುಂಡರೋ!

ಮುಂದೆ ಇನ್ನೊಂದು ಸುಳಿವು ಸಿಕ್ಕಿತು: ಹರ್-2 ಜೀನಿನ ಪ್ರತಿಗಳು ಹೆಚ್ಚಿದ ಸ್ತನದ ಗಡ್ಡೆ ಉಗ್ರವೆಂದು 1987ರಲ್ಲಿ ಗೊತ್ತಾಯಿತು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆಂದೇ ಟ್ರಾಸ್ಟುಜುಮಾಬ್ ಬಂತು.

ಇಂಥ ಸುಳಿವು ಹುಡುಕುವ ಪರೀಕ್ಷೆಯ ಬಂಡವಾಳ ಚಿಕ್ಕ ಮೇಣದ ಬ್ಲಾಕ್. ಫಾರ್ಮಲಿನ್‌ನಲ್ಲಿ ನೆನೆದ ಗಡ್ಡೆಯ ಚೂರು ಅದರಲ್ಲಿ ಹುದುಗಿರುತ್ತದೆ. ಕೂದಲಿಗಿಂತ ಎಷ್ಟೋ ತೆಳುವಾದ ಎಸಳು ಕೊಯ್ದು, ಬಿಸಿನೀರಿನ ಮೇಲೆ ತೇಲಿಸಿ, ಗಾಜಿಗೆತ್ತಿ ಬಣ್ಣ ಹಾಕುತ್ತಾರೆ. ಕೋಶದ ಅಂಚಿಗೆ ಕಂದು ಬಣ್ಣ ದಟ್ಟವಾಗಿ, ಬಳೆಯಂತೆ ಸುತ್ತುವರಿದರೆ ಹರ್-2 ಪಾಸಿಟಿವ್.

ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ಆಂಕೋಸ್ಟೆಮ್ ಕಂಪನಿ ಜೀನಿನ ಬದಲು ಐದು ಪ್ರೊಟೀನುಗಳನ್ನು ಹಿಡಿಯಿತು. ಕೆಲವು ಬಗೆಯ ಆರಂಭಿಕ ಸ್ತನ ಕ್ಯಾನ್ಸರ್ ಐದು ವರ್ಷದೊಳಗೆ ಮರಳುವ ಅಪಾಯವನ್ನು ಅದರ ಪರೀಕ್ಷೆ ಅಂದಾಜಿಸುತ್ತದೆ. ಕಿಮೋ ಬೇಕೇ ಎಂಬ ನಿರ್ಧಾರಕ್ಕೆ ಅದು ಆಧಾರ. ಇದಕ್ಕೂ ಬೇಕಾದದ್ದು ಅದೇ ಬ್ಲಾಕ್. ಇಳಕಲ್ಲದಿಂದ ಹೊರಡುವವರು ರಿಪೋರ್ಟಿನ ಜೊತೆ ಅದನ್ನೂ ಕೇಳಿ ಪಡೆದು, ಬಿಸಿಲಿಗೆ ಮೇಣ ಕರಗದಂತೆ ಒಯ್ಯಬೇಕು.